ಹೆಸರು ಬದಲಿಸದ ಹುಡುಗ

1939ನೆಯ ಇಸವಿಯ ಜುಲೈ 2, ಭಾನುವಾರ. ನ್ಯೂಯಾರ್ಕ್ ನಗರದ ಪೂರ್ವ 59ನೆಯ ಬೀದಿಯಲ್ಲಿರುವ ಕ್ಯಾರವಾನ್ ಹಾಲ್ ಎಂಬ ಸಭಾಗೃಹದ ಬಾಗಿಲಲ್ಲಿ ಅಂದು ಒಂದು ಸಣ್ಣ ರಾದ್ಧಾಂತ ನಡೆಯಿತು. ಒಳಗೆ ಆರಂಭವಾಗಲಿದ್ದುದು ವಿಜ್ಞಾನಕಥೆಗಳ ಪ್ರಥಮ ವಿಶ್ವ ಸಮ್ಮೇಳನ. ಹೊರಗೆ ನಿಂತವರು ಆ ಕಥೆಗಳಿಗಾಗಿ ಹಗಲಿರುಳು ಪ್ರಾಣ ಬಿಡುತ್ತಿದ್ದ ಆರು ಮಂದಿ ತರುಣರು. ಅವರಲ್ಲಿ ಸಿರಿಲ್ ಕಾರ್ನ್‌ಬ್ಲೂತ್ ಎಂಬ ಹುಡುಗನಿಗೆ ಆ ದಿನವೇ 16 ವರ್ಷ ತುಂಬಿತ್ತು. ಹುಟ್ಟುಹಬ್ಬದ ದಿನ ಅವನಿಗೆ ದೊರೆತ ಉಡುಗೊರೆಯೆಂದರೆ, ‘ನಿಮಗೆ ಒಳಗೆ ಪ್ರವೇಶವಿಲ್ಲ’ ಎಂಬ ಮಾತು!

ಅದೇ ಬಳಗದ ಇನ್ನೊಬ್ಬ ತರುಣ ಮಾತ್ರ ಯಾವ ಅಡ್ಡಿಯೂ ಇಲ್ಲದೆ ಒಳಗೆ ನಡೆದುಹೋದ. 19 ವರ್ಷ ವಯಸ್ಸಿನ ಆ ವಿದ್ಯಾರ್ಥಿಯನ್ನು ಯಾರೂ ತಡೆಯಲಿಲ್ಲ. ಕಾರಣ ಬಹು ಸರಳ. ಅವನ ಹೆಸರು ಆಗಲೇ ಅಚ್ಚಿನಲ್ಲಿ ಬಂದಿತ್ತು. ಅಂಗಡಿಗಳಲ್ಲಿ ತೂಗುತ್ತಿದ್ದ ಜುಲೈ ತಿಂಗಳ ಪತ್ರಿಕೆಯೊಂದರಲ್ಲಿ ಅವನ ಕಥೆ ಇತ್ತು. ಆ ಹೆಸರು ಐಸಾಕ್ ಅಸಿಮೋವ್.

ಮುಂದೆ ಜಗತ್ತೇ ಅರಿತ ಹೆಸರು ಅದು. ಆದರೆ ಅಂದಿನ ಅಮೆರಿಕದ ಕಥಾಪತ್ರಿಕೆಗಳ ಸಂತೆಯಲ್ಲಿ ಅಂಥ ಹೆಸರನ್ನು ಮುಚ್ಚಿಟ್ಟು, ಸುಲಭವಾಗಿ ನಾಲಗೆಗೆ ಹೊರಳುವ ಬೇರೊಂದನ್ನು ಧರಿಸುವುದೇ ಜಾಣತನವೆನಿಸಿತ್ತು. ಆ ಹುಡುಗ ಹಾಗೆ ಮಾಡಲಿಲ್ಲ. ಏಕೆ ಮಾಡಲಿಲ್ಲ, ಮಾಡದೆ ಏನು ಪಡೆದ, ಏನು ತೆತ್ತ ಎಂಬುದೇ ಒಂದು ಸ್ವಾರಸ್ಯವಾದ ಕಥೆ.

ಮಿಠಾಯಿ ಅಂಗಡಿಯ ಹುಡುಗ

ಐಸಾಕ್ ಜನಿಸಿದ್ದು ರಷ್ಯಾದ ಪೆಟ್ರೋವಿಚಿ ಎಂಬ ಊರಿನ ಯೆಹೂದಿ ಕುಟುಂಬದಲ್ಲಿ. 1920ರ ಜನವರಿ 2ನ್ನು ಅವನ ಜನ್ಮದಿನವೆಂದು ಆಚರಿಸುತ್ತಿದ್ದರು. 1923ರಲ್ಲಿ ತಂದೆತಾಯಿಗಳು ಅವನನ್ನೂ ತಂಗಿಯನ್ನೂ ಕರೆದುಕೊಂಡು ಅಮೆರಿಕಕ್ಕೆ ಬಂದು ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ನೆಲೆಸಿದರು.

ಮನೆತನದ ಹೆಸರಿಗೆ ಒಂದು ಇತಿಹಾಸವಿತ್ತು. ಚಳಿಗಾಲದಲ್ಲಿ ಬೆಳೆಯುವ ಧಾನ್ಯಕ್ಕೆ ರಷ್ಯನ್ ಭಾಷೆಯಲ್ಲಿರುವ ಪದದಿಂದ ಅದು ಬಂದುದು. ಹಿರಿಯರು ಆ ಧಾನ್ಯದ ವ್ಯಾಪಾರಿಗಳು. ಅಮೆರಿಕಕ್ಕೆ ಬಂದ ತಂದೆ ಜೂಡಾ ಅಸಿಮೋವರಿಗೆ ಇಂಗ್ಲಿಷಿನ ಅಕ್ಷರಗಳು ಹೊಸವು. ಹೆಸರಿನ ನಡುವೆ ‘ಝಡ್’ ಎಂಬ ಅಕ್ಷರ ಬರಬೇಕಾದ ಕಡೆ ಅವರು ‘ಎಸ್’ ಎಂದು ಬರೆದರು. ಆ ಒಂದು ಅಕ್ಷರ ಹಾಗೆಯೇ ಉಳಿಯಿತು. ಮುಂದೆ ಯಾರಾದರೂ ತಪ್ಪಾಗಿ ‘ಝಡ್’ ಹಾಕಿ ಬರೆದರೆ ಮಗನಿಗೆ ಕೆಂಡದಂಥ ಕೋಪ ಬರುತ್ತಿತ್ತು!

ಹೆಸರಿನ ವಿಷಯದಲ್ಲಿ ಮೊದಲ ಕದನ ನಡೆದದ್ದು ಐಸಾಕ್ ಇನ್ನೂ ಚಿಕ್ಕ ಬಾಲಕನಾಗಿದ್ದಾಗ. ಐಸಾಕ್ ಎಂಬುದು ಕೇಳಿದೊಡನೆಯೇ ಯೆಹೂದಿಯೆಂದು ಸಾರುವ ಹೆಸರು, ಹುಡುಗನ ಮುಂದಿನ ಬಾಳಿಗೆ ಅದು ಅಡ್ಡಿಯಾದೀತು, ಇರ್ವಿಂಗ್ ಎಂದು ಬದಲಿಸಿರಿ ಎಂಬುದಾಗಿ ನೆರೆಯಾಕೆಯೊಬ್ಬಳು ತಾಯಿಗೆ ಹಿತ ಹೇಳಿದಳು. ತಾಯಿಯ ಮನಸ್ಸು ಅಲುಗಿತು. ಬಾಲಕ ಮಾತ್ರ ಮನೆಯೇ ಹಾರಿಹೋಗುವಂತೆ ಅರಚಿಬಿಟ್ಟ. ತಾನು ಐಸಾಕ್, ಬೇರೆ ಹೆಸರಿನಿಂದ ಕರೆದರೆ ಓಗೊಡುವುದಿಲ್ಲ! ಅಲ್ಲಿಗೆ ಆ ಪ್ರಸ್ತಾಪ ಮುಗಿಯಿತು.

1926ರಲ್ಲಿ ತಂದೆ ಒಂದು ಮಿಠಾಯಿ ಅಂಗಡಿಯನ್ನು ಕೊಂಡರು. ಅಂಥ ಅಂಗಡಿಗಳಲ್ಲಿ ಮಿಠಾಯಿಯೊಡನೆ ಸಿಗರೇಟು, ದಿನಪತ್ರಿಕೆ, ಅಗ್ಗದ ಕಾಗದದ ಕಥಾಪತ್ರಿಕೆಗಳೂ ಮಾರಾಟಕ್ಕಿರುತ್ತಿದ್ದವು. ಬೆಳಗಿನಿಂದ ಹೊತ್ತು ಮುಳುಗಿದ ಎಷ್ಟೋ ಹೊತ್ತಿನವರೆಗೆ ತೆರೆದಿರುವ ಅಂಗಡಿ, ಮನೆಮಂದಿಯೆಲ್ಲ ದುಡಿಯಲೇಬೇಕು. ಹುಡುಗನ ಕಣ್ಣಿಗೆ ಬೀಳುತ್ತಿದ್ದುದು ಬಣ್ಣಬಣ್ಣದ ಮುಖಪುಟಗಳು. ಆದರೆ ತಂದೆಯ ಆಜ್ಞೆ ಕಟ್ಟುನಿಟ್ಟು: ಈ ಕಸವನ್ನು ಮಾರಬಹುದು, ಮನೆಯ ಮಕ್ಕಳು ಓದಕೂಡದು.

1929ರಲ್ಲಿ ‘ಸೈನ್ಸ್ ವಂಡರ್ ಸ್ಟೋರೀಸ್’ ಎಂಬ ಹೊಸ ಪತ್ರಿಕೆ ಅಂಗಡಿಗೆ ಬಂದಿತು. ಒಂಬತ್ತು ವರ್ಷದ ಚತುರ ಅದನ್ನು ತಂದೆಯ ಮುಂದೆ ಹಿಡಿದು, ಇದರ ಹೆಸರಿನಲ್ಲೇ ‘ವಿಜ್ಞಾನ’ವಿದೆ, ಇದು ವಿದ್ಯೆಯ ಪುಸ್ತಕ ಎಂದು ವಾದಿಸಿದ. ಇಂಗ್ಲಿಷನ್ನು ಇನ್ನೂ ಕಲಿಯುತ್ತಿದ್ದ ತಂದೆ ಒಪ್ಪಿದರು. ಮುಖಪುಟದ ಮೇಲಿನ ಒಂದು ಪದ ಎಂಥ ಬಾಗಿಲನ್ನು ತೆರೆಯಬಲ್ಲುದೆಂಬ ಪಾಠ ಹುಡುಗನಿಗೆ ಅಂದೇ ದೊರೆಯಿತು.

ಸಂಪಾದಕರ ಕೋಣೆಯಲ್ಲಿ

ಓದುವ ಹುಚ್ಚು ಬರೆಯುವ ಹುಚ್ಚಾಗಿ ತಿರುಗುವುದಕ್ಕೆ ಬಹಳ ಕಾಲ ಬೇಕಾಗಲಿಲ್ಲ. ಅವನ ಹೆಸರು ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ ಮೊದಲು ಕಾಣಿಸಿಕೊಂಡದ್ದು ಕಥೆಗಾರನ ಹೆಸರಾಗಿ ಅಲ್ಲ, ಓದುಗರ ಪತ್ರಗಳ ವಿಭಾಗದಲ್ಲಿ. ಪ್ರತಿ ಸಂಚಿಕೆಯ ಕಥೆಗಳನ್ನು ಅಳೆದು ತೂಗಿ ಆತ ಉದ್ದುದ್ದ ಪತ್ರಗಳನ್ನು ಬರೆಯುತ್ತಿದ್ದ.

1938ರ ಜೂನ್ 21ರಂದು ತನ್ನ ಮೊಟ್ಟಮೊದಲ ಕಥೆಯನ್ನು ಕೈಯಲ್ಲಿ ಹಿಡಿದು ನೆಲದಡಿಯ ರೈಲಿನಲ್ಲಿ ಆ ಪತ್ರಿಕೆಯ ಕಚೇರಿಗೆ ಹೋದ. ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುವರೆಂಬ ಅಳುಕು ಅವನಿಗೆ. ಆದರೆ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಒಳಗೆ ಕರೆಸಿದರು! ಪತ್ರಗಳ ಮೂಲಕ ಆ ಹೆಸರು ಅವರಿಗೆ ಆಗಲೇ ಪರಿಚಿತವಾಗಿತ್ತು. ಒಂದು ಗಂಟೆಗೂ ಮಿಕ್ಕಿ ಮಾತು ನಡೆಯಿತು. ಎರಡು ದಿನಗಳಲ್ಲಿ ಕಥೆ ಅಂಚೆಯಲ್ಲಿ ಹಿಂದಿರುಗಿತು. ಜೊತೆಗಿದ್ದ ಪತ್ರ ಮಾತ್ರ ಎಷ್ಟು ಸೌಜನ್ಯದಿಂದ ಕೂಡಿತ್ತೆಂದರೆ, ಹುಡುಗ ಎದೆಗುಂದುವುದರ ಬದಲು ಮತ್ತೊಂದು ಕಥೆಗೆ ಕುಳಿತ.

ಅದೇ ವರ್ಷದ ಅಕ್ಟೋಬರಿನಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಎಂಬ ಇನ್ನೊಂದು ಪತ್ರಿಕೆ ಅವನ ಕಥೆಯೊಂದನ್ನು ಸ್ವೀಕರಿಸಿತು. ಪದಕ್ಕೆ ಒಂದು ಸೆಂಟಿನ ಲೆಕ್ಕದಲ್ಲಿ ದೊರೆತ ಸಂಭಾವನೆ 64 ಡಾಲರು. ಕಾಲೇಜಿನ ಶುಲ್ಕಕ್ಕೆ ಪರದಾಡುತ್ತಿದ್ದ ವಿದ್ಯಾರ್ಥಿಗೆ ಅದು ಸಣ್ಣ ಮೊತ್ತವಲ್ಲ. ಹಲವು ಕಥೆಗಳನ್ನು ಹಿಂದಕ್ಕೆ ಕಳಿಸಿದ ಮೇಲೆ ಕ್ಯಾಂಪ್‌ಬೆಲ್ ಕೂಡ ಒಂದನ್ನು ಆರಿಸಿಕೊಂಡರು. ಅದೇ 1939ರ ಜುಲೈ ಸಂಚಿಕೆಯಲ್ಲಿ ಬಂದ ‘ಟ್ರೆಂಡ್ಸ್’. ಆಕಾಶಯಾನವನ್ನು ಜನರೇ ವಿರೋಧಿಸಿದರೆ ಏನಾದೀತೆಂಬುದು ಅದರ ವಸ್ತು.

ಬಾಗಿಲ ಒಳಗೆ, ಬಾಗಿಲ ಹೊರಗೆ

ಈ ನಡುವೆ ಐಸಾಕನಿಗೆ ಗೆಳೆಯರ ಬಳಗವೊಂದು ಕೂಡಿಬಂದಿತ್ತು. ‘ಫ್ಯೂಚೂರಿಯನ್ನರು’ ಎಂದು ತಮ್ಮನ್ನು ಕರೆದುಕೊಂಡ ಆ ತರುಣರು 1938ರ ಸೆಪ್ಟೆಂಬರಿನಲ್ಲಿ ಸಂಘ ಕಟ್ಟಿದರು. ಡೊನಾಲ್ಡ್ ವೊಲ್‌ಹೈಮ್ ಅವರಲ್ಲಿ ಹಿರಿಯ. ಫ್ರೆಡರಿಕ್ ಪೋಲ್ ಐಸಾಕನ ಓರಗೆಯವನು. ಭವಿಷ್ಯದ ಕಥೆ ಬರೆದರೆ ಸಾಲದು, ಭವಿಷ್ಯದ ಸಮಾಜವನ್ನೂ ಬದಲಿಸಬೇಕು ಎಂಬುದು ಅವರಲ್ಲಿ ಕೆಲವರ ಪಂಥ. ಸಮ್ಮೇಳನವನ್ನು ನಡೆಸಲು ಹೊರಟ ಇನ್ನೊಂದು ಗುಂಪಿಗೆ ಈ ರಾಜಕೀಯ ಹಿಡಿಸದು. ಸ್ಯಾಮ್ ಮಾಸ್ಕೊವಿಟ್ಸ್ ಆ ಗುಂಪಿನ ನಾಯಕ. ಅವನೂ ಹತ್ತೊಂಬತ್ತರ ಹರೆಯದವನೇ! ಇಡೀ ಜಗತ್ತಿನ ಹೆಸರಿನಲ್ಲಿ ನಡೆದ ಕೂಟವನ್ನು ಹುಡುಗರೇ ಕಟ್ಟಿದರು, ಹುಡುಗರೇ ಜಗಳಾಡಿದರು.

ಆ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ‘ನಾಳೆಯ ಜಗತ್ತು’ ಎಂಬ ಘೋಷಣೆಯೊಡನೆ ಭಾರಿ ವಸ್ತುಪ್ರದರ್ಶನ ನಡೆದಿತ್ತು. ಅದರ ಆಕರ್ಷಣೆಯನ್ನೇ ಬಳಸಿಕೊಂಡು ಸಮ್ಮೇಳನಕ್ಕೂ ‘ವಿಶ್ವ’ ಎಂಬ ವಿಶೇಷಣವನ್ನು ಸೇರಿಸಿದ್ದರು. ನೆರೆದವರು ಸುಮಾರು 200 ಮಂದಿ. ಚಿತ್ರಕಾರ ಫ್ರಾಂಕ್ ಪಾಲ್ ಗೌರವ ಅತಿಥಿ. ‘ಮೆಟ್ರೊಪೊಲಿಸ್’ ಎಂಬ ಜರ್ಮನ್ ಮೂಕಚಿತ್ರವನ್ನು ತೋರಿಸಿದರು. ಲಾಸ್ ಏಂಜಲಿಸ್‌ನಿಂದ ಬಂದಿದ್ದ ಫಾರೆಸ್ಟ್ ಆಕರ್‌ಮನ್ ಭವಿಷ್ಯದ ಮನುಷ್ಯನ ಉಡುಪು ತೊಟ್ಟು ಬೀದಿಯಲ್ಲಿ ಓಡಾಡಿದ. ಅದನ್ನು ಹೊಲಿದವಳು ಅದೇ ಬಗೆಯ ಉಡುಪಿನಲ್ಲಿ ಜೊತೆಗೆ ಬಂದಿದ್ದ ಮರ್ಟಲ್ ಡಗ್ಲಸ್. ಆಕರ್‌ಮನ್ ಕೊಟ್ಟ ಸಾಲದ ಹಣದಲ್ಲಿ ಬಸ್ಸು ಹತ್ತಿ, ಅಷ್ಟು ದೂರದಿಂದ ಬಂದಿದ್ದ ಮತ್ತೊಬ್ಬ ಹುಡುಗನೂ ಅಲ್ಲಿದ್ದ. ಒಂದು ಕಥೆಯನ್ನೂ ಅವನು ಇನ್ನೂ ಮಾರಿರಲಿಲ್ಲ. ಗೆಳೆಯನೊಬ್ಬನ ಚಿತ್ರಗಳನ್ನು ಸಂಪಾದಕರಿಗೆ ತೋರಿಸುತ್ತ ತಿರುಗುತ್ತಿದ್ದ ಆ ಹುಡುಗನೇ ರೇ ಬ್ರಾಡ್‌ಬರಿ!

ಆರು ಮಂದಿಗೆ ಬಾಗಿಲು ಮುಚ್ಚಿದ್ದೇಕೆ? ವ್ಯವಸ್ಥಾಪಕರನ್ನು ನಿಂದಿಸುವ ಕರಪತ್ರಗಳ ಕಟ್ಟೊಂದು ಅಲ್ಲಿ ಸಿಕ್ಕಿಬಿದ್ದಿತು. ಅದು ಫ್ಯೂಚೂರಿಯನ್ನರ ಕೈವಾಡವೇ ಸರಿಯೆಂದು ಬಗೆದ ಮಾಸ್ಕೊವಿಟ್ಸ್, ಗಲಭೆ ಮಾಡುವುದಿಲ್ಲವೆಂದು ಮಾತು ಕೊಟ್ಟರೆ ಒಳಗೆ ಬಿಡುವೆನೆಂದ. ಅವರು ಮಾತು ಕೊಡಲು ಒಪ್ಪಲಿಲ್ಲ. ವಿನೋದವೆಂದರೆ, ಆ ಕರಪತ್ರವನ್ನು ಬರೆದು ಅಚ್ಚು ಹಾಕಿಸಿದ್ದವನು ಡೇವಿಡ್ ಕೈಲ್ ಎಂಬ ಬೇರೊಬ್ಬ ತರುಣ. ಅವನು ಯಾರ ಸಂಶಯಕ್ಕೂ ಸಿಗದೆ ಒಳಗೇ ಕುಳಿತಿದ್ದ! ಅದರಲ್ಲಿ ಅವನು ತನ್ನ ಹೆಸರನ್ನು ಹಾಕಿದ್ದರೆ ಆರು ಮಂದಿ ಹೊರಗೆ ನಿಲ್ಲಬೇಕಾಗುತ್ತಿರಲಿಲ್ಲ. 1956ರಲ್ಲಿ ಇದೇ ನ್ಯೂಯಾರ್ಕಿನಲ್ಲಿ ವಿಶ್ವ ಸಮ್ಮೇಳನ ಮತ್ತೆ ನೆರೆದಾಗ ಅದರ ಅಧ್ಯಕ್ಷನಾದವನು ಇದೇ ಕೈಲ್.

ಒಳಗೆ ಐಸಾಕನಿಗೆ ಸಿಕ್ಕಿದ್ದು ಲೇಖಕನ ಗೌರವ. ವೇದಿಕೆಯಿಂದ ಅವನ ಹೆಸರನ್ನು ಕೂಗಿದರು. ಸಂಕೋಚದಿಂದ ಮುದುಡಿಹೋದ ಹುಡುಗ ತನ್ನನ್ನು ತಾನೇ ಹಾಸ್ಯ ಮಾಡಿಕೊಂಡು ಎರಡು ಮಾತಾಡಿ ಇಳಿದ. ಆದರೆ ಹೊರಗುಳಿದ ಗೆಳೆಯರ ನೆನಪು ಮನಸ್ಸನ್ನು ಚುಚ್ಚುತ್ತಿತ್ತು. ಅವರೊಡನೆ ತಾನೂ ಹೊರಗೆ ನಿಲ್ಲಬೇಕಾಗಿತ್ತಲ್ಲವೆ? ಆ ಅಪರಾಧಭಾವನೆಯನ್ನು ಅವರು ಎಷ್ಟೋ ವರ್ಷಗಳ ಮೇಲೆ ಬರೆದ ಆತ್ಮಕಥೆಯಲ್ಲಿ ಮುಚ್ಚಿಡದೆ ಒಪ್ಪಿಕೊಂಡರು. ಅಚ್ಚಾದ ಹೆಸರು ಬಾಗಿಲನ್ನು ತೆರೆಯುವುದೇನೋ ನಿಜ. ಆದರೆ ಕೆಲವು ವೇಳೆ ಅದು ಒಬ್ಬನನ್ನು ಒಳಗೆ ಕರೆದು, ಅವನ ಗೆಳೆಯರನ್ನು ಹೊರಗೇ ಬಿಡುತ್ತದೆ.

ಹೆಸರುಗಳ ಸಂತೆ

ಕಾವ್ಯನಾಮವೆಂಬುದು ಕನ್ನಡದ ಓದುಗರಿಗೆ ಹೊಸದಲ್ಲ. ನಮ್ಮಲ್ಲಿ ಅದು ಹೆಚ್ಚಾಗಿ ಪ್ರೀತಿಯಿಂದ ಆರಿಸಿಕೊಂಡ ಆಭರಣ. ಆ ಅಗ್ಗದ ಪತ್ರಿಕೆಗಳ ಲೋಕದಲ್ಲಿ ಅದಕ್ಕೆ ಬೇರೆ ಬೇರೆ ಉಪಯೋಗಗಳಿದ್ದವು.

ಒಂದು, ವ್ಯಾಪಾರ. ಒಬ್ಬನೇ ಲೇಖಕನ ಎರಡು ಕಥೆಗಳು ಒಂದೇ ಸಂಚಿಕೆಯಲ್ಲಿದ್ದರೆ ಒಂದಕ್ಕೆ ಬೇರೆ ಹೆಸರು ಬೇಕು. ರಾಬರ್ಟ್ ಹೈನ್‌ಲೈನ್ ‘ಆ್ಯನ್ಸನ್ ಮ್ಯಾಕ್‌ಡೊನಾಲ್ಡ್’ ಕೂಡ ಆದದ್ದು ಹೀಗೆಯೆ. ಎರಡು, ರೀತಿಯ ಬದಲಾವಣೆ. ಗ್ರಹಗಳನ್ನೇ ಪುಡಿಮಾಡುವ ಸಾಹಸಕಥೆಗಳಿಂದ ಹೆಸರಾಗಿದ್ದ ಕ್ಯಾಂಪ್‌ಬೆಲ್, ಗಂಭೀರ ಧಾಟಿಯ ಕಥೆಗಳನ್ನು ಬರೆದಾಗ ‘ಡಾನ್ ಎ. ಸ್ಟುವರ್ಟ್’ ಎನಿಸಿದರು. ಅದು ಅವರ ಹೆಂಡತಿ ಡೋನಾ ಸ್ಟುವರ್ಟಳ ಹೆಸರಿನಿಂದಲೇ ಹೆಣೆದದ್ದು. ಮೂರು, ಹುಡುಗಾಟ. ಬ್ರಾಡ್‌ಬರಿ ತಾನೇ ಹೊರಡಿಸಿದ ಕಿರುಪತ್ರಿಕೆಯಲ್ಲಿ ಒಬ್ಬನೇ ಹಲವು ಹೆಸರುಗಳಿಂದ ಬರೆದು ಪುಟ ತುಂಬಿಸುತ್ತಿದ್ದ. ಫ್ಯೂಚೂರಿಯನ್ನರಂತೂ ಜೊತೆಜೊತೆಯಾಗಿ ಕಥೆ ಹೆಣೆದು, ಅಂಗಿ ಬದಲಿಸಿದಂತೆ ಹೆಸರು ಬದಲಿಸುತ್ತಿದ್ದರು.

ನಾಲ್ಕನೆಯದು ಅಷ್ಟು ಹಗುರವಾದ ಸಂಗತಿಯಲ್ಲ. ಹೊರೇಸ್ ಗೋಲ್ಡ್ ಎಂಬ ಯೆಹೂದಿ ಲೇಖಕ 1934ರಲ್ಲಿ ತನ್ನ ಕಥೆಗಳನ್ನು ಪ್ರಕಟಿಸಿದ್ದು ‘ಕ್ಲೈಡ್ ಕ್ರೇನ್ ಕ್ಯಾಂಪ್‌ಬೆಲ್’ ಎಂಬ ಹೆಸರಿನಿಂದ. ಯೆಹೂದಿಗಳ ಬಗ್ಗೆ ಆ ಕಾಲದಲ್ಲಿದ್ದ ತಿರಸ್ಕಾರವೇ ಅದಕ್ಕೆ ಕಾರಣ. ಮಿಲ್ಟನ್ ರಾಥ್‌ಮನ್ ಎಂಬ ತರುಣನ ಕಥೆ 1939ರ ಆಗಸ್ಟ್ ಸಂಚಿಕೆಯಲ್ಲಿ ಅಚ್ಚಾದದ್ದು ‘ಲೀ ಗ್ರೆಗರ್’ ಎಂಬಾತನ ಕಥೆಯಾಗಿ. ಇಂಥ ಹೆಸರುಗಳ ನಡುವೆ ‘ಐಸಾಕ್ ಅಸಿಮೋವ್’ ಎಂಬ ಎರಡು ಪದಗಳು ಎಷ್ಟು ಎದ್ದು ಕಾಣುತ್ತಿದ್ದಿರಬೇಕೆಂದು ಓದುಗರೇ ಊಹಿಸಬಹುದು.

ಹೆಸರು ಬದಲಿಸೆಂದು ಕ್ಯಾಂಪ್‌ಬೆಲ್ ಅವನನ್ನು ಎಂದೂ ಕೇಳಲಿಲ್ಲ. ಕೇಳಿದ್ದರೂ ಅವನು ಒಪ್ಪುವವನಾಗಿರಲಿಲ್ಲ. ತನ್ನ ಕಥೆಯ ನೆತ್ತಿಯ ಮೇಲೆ ತನ್ನ ಹೆಸರನ್ನು ಕಾಣಬೇಕೆಂಬುದು ಅವನ ಬರವಣಿಗೆಯ ಆಸೆಯಲ್ಲಿಯೇ ಸೇರಿಹೋಗಿತ್ತು. ಇಷ್ಟು ವಿಚಿತ್ರವಾದ ಹೆಸರನ್ನು ಒಮ್ಮೆ ಓದಿದವನು ಮರೆಯಲಾರ, ಆದುದರಿಂದ ಅದು ಲಾಭವೇ ಹೊರತು ನಷ್ಟವಲ್ಲ ಎಂಬ ವಾದವನ್ನು ಅವರು ಮುಂದೆ ನಗುತ್ತ ಹೂಡುತ್ತಿದ್ದರು.

ಪರೀಕ್ಷೆಯ ಕೊಠಡಿಯಲ್ಲಿ ನಗೆ

ಇಷ್ಟು ಹಟವಾದಿಯಾದ ಅಸಿಮೋವರಿಗೂ ಒಮ್ಮೆ ಹೆಸರನ್ನು ಮುಚ್ಚಿಡಬೇಕೆನಿಸಿತು. ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟಿಗೆ ಸಿದ್ಧರಾಗುತ್ತಿದ್ದ ಕಾಲ ಅದು. ಅವರು ಪ್ರಯೋಗಕ್ಕೆ ಬಳಸುತ್ತಿದ್ದ ಪುಡಿಯೊಂದು ನೀರಿಗೆ ತಾಗಿದೊಡನೆ ಕರಗಿಹೋಗುತ್ತಿತ್ತು. ನೀರು ಬೀಳುವುದಕ್ಕೆ ಮೊದಲೇ ಕರಗುವ ವಸ್ತುವೊಂದಿದ್ದರೆ? ಆ ಕಲ್ಪನೆಯಿಂದ ‘ಥಯೊಟಿಮೊಲಿನ್’ ಎಂಬ ಇಲ್ಲದ ವಸ್ತು ಹುಟ್ಟಿತು. ನೀರು ಹಾಕುವ 1.12 ಸೆಕೆಂಡು ಮೊದಲೇ ಅದು ಕರಗುತ್ತದೆಂದು ಸಾಧಿಸುವ, ಕೋಷ್ಟಕ, ಉಲ್ಲೇಖಗಳೆಲ್ಲ ಇರುವ ಹುಸಿ ಸಂಶೋಧನ ಪ್ರಬಂಧವೊಂದನ್ನು ಅವರು ತಮಾಷೆಗೆ ಬರೆದರು.

ಕ್ಯಾಂಪ್‌ಬೆಲ್ ಅದನ್ನು ಮೆಚ್ಚಿ ಸ್ವೀಕರಿಸಿದರು. ಆದರೆ ಡಾಕ್ಟರೇಟಿನ ಮೌಖಿಕ ಪರೀಕ್ಷೆ ಹತ್ತಿರವಾಗಿತ್ತು. ಪ್ರಾಧ್ಯಾಪಕರು ಇದನ್ನು ವಿಜ್ಞಾನದ ಅಪಹಾಸ್ಯವೆಂದು ಬಗೆದರೆ ವರ್ಷಗಳ ಶ್ರಮ ಮಣ್ಣುಪಾಲು. ಆದ್ದರಿಂದ ಬೇರೊಂದು ಹೆಸರಿನಿಂದ ಅಚ್ಚು ಹಾಕಬೇಕೆಂದು ಅವರು ಬೇಡಿಕೊಂಡರು. ಸಂಪಾದಕರು ಮರೆತರೋ, ಬೇಕೆಂದೇ ಮಾಡಿದರೋ, 1948ರ ಮಾರ್ಚ್ ಸಂಚಿಕೆಯಲ್ಲಿ ಪ್ರಬಂಧ ಹೊರಬಿದ್ದಾಗ ಕೆಳಗಿದ್ದುದು ಅಸಿಮೋವರ ಸ್ವಂತ ಹೆಸರೇ! ವಿಶ್ವವಿದ್ಯಾನಿಲಯದಲ್ಲಿ ಅದನ್ನು ಓದದವರಿಲ್ಲ.

ಮೇ ತಿಂಗಳಲ್ಲಿ ಪರೀಕ್ಷೆ ನಡೆಯಿತು. ಪ್ರಶ್ನೆಗಳ ಮೇಲೆ ಪ್ರಶ್ನೆ. ಅಭ್ಯರ್ಥಿ ಬೆವರಿ ಬಸವಳಿದಿದ್ದಾನೆ. ಕಟ್ಟಕಡೆಗೆ ಪರೀಕ್ಷಕರೊಬ್ಬರು ಅತ್ಯಂತ ಗಂಭೀರವಾದ ಮುಖಮುದ್ರೆಯಿಂದ, ಥಯೊಟಿಮೊಲಿನ್ ಎಂಬ ವಸ್ತುವಿನ ಗುಣಗಳ ವಿಷಯವಾಗಿ ಏನಾದರೂ ಹೇಳಬಲ್ಲಿರಾ ಎಂದು ಕೇಳಿದರು. ಅಸಿಮೋವರಿಗೆ ತಡೆಯಲಾರದ ನಗು ಉಕ್ಕಿಬಂದಿತು. ತಮ್ಮನ್ನು ಅನುತ್ತೀರ್ಣಗೊಳಿಸುವ ಮನಸ್ಸಿದ್ದರೆ ಇವರು ಹೀಗೆ ವಿನೋದ ಮಾಡುತ್ತಿರಲಿಲ್ಲವೆಂಬುದು ಆ ಕ್ಷಣಕ್ಕೆ ಹೊಳೆದಿತ್ತು. ನಗುತ್ತಲೇ ಇದ್ದವರನ್ನು ಕೈಹಿಡಿದು ಹೊರಗೆ ಕರೆತಂದರು. ಕೆಲವೇ ನಿಮಿಷಗಳಲ್ಲಿ ಪರೀಕ್ಷಕರು ಬಂದು ‘ಡಾಕ್ಟರ್ ಅಸಿಮೋವ್’ ಎಂದು ಕೈಕುಲುಕಿದರು.

ಪಾಲ್ ಫ್ರೆಂಚ್ ಬಂದ, ಹೋದ

ಎರಡನೆಯ ಸಲ ಅವರು ನಿಜವಾಗಿಯೂ ಗುಪ್ತನಾಮವನ್ನು ಧರಿಸಿದರು. ಡಬಲ್‌ಡೇ ಪ್ರಕಾಶನದ ಸಂಪಾದಕ ವಾಲ್ಟರ್ ಬ್ರಾಡ್‌ಬರಿ, ಬಾಲಕರಿಗಾಗಿ ಆಕಾಶಸಾಹಸದ ಕಾದಂಬರಿಮಾಲೆಯನ್ನು ಬರೆಯಿರಿ, ಅದು ಟೆಲಿವಿಷನ್ನಿಗೂ ಹೋಗಬಹುದು ಎಂದರು. ಆ ಪೆಟ್ಟಿಗೆಯೊಳಗೆ ತಮ್ಮ ಕಥೆ ಹಾಳಾಗಿ, ಆ ಕಳಂಕ ತಮ್ಮ ಹೆಸರಿಗೆ ಅಂಟಿಕೊಂಡೀತೆಂದು ಅಸಿಮೋವರ ಭಯ. ಪತ್ತೇದಾರಿ ಕಥೆಗಾರ ಕಾರ್ನೆಲ್ ವುಲ್‌ರಿಚ್ ಒಂದು ದೇಶದ ಜನರನ್ನು ಸೂಚಿಸುವ ‘ಐರಿಷ್’ ಎಂಬ ಪದವನ್ನೇ ಹೆಸರಾಗಿ ಇಟ್ಟುಕೊಂಡದ್ದು ಮಾತಿನಲ್ಲಿ ಬಂದಿತು. ಹಾಗಾದರೆ ತಾನು ‘ಫ್ರೆಂಚ್’ ಆಗುವೆನೆಂದು, ‘ಪಾಲ್ ಫ್ರೆಂಚ್’ ಎಂಬ ಹೆಸರನ್ನು ಆರಿಸಿದರು.

1952ರಿಂದ 1958ರವರೆಗೆ ಆ ಹೆಸರಿನಿಂದ ಆರು ಪುಸ್ತಕಗಳು ಬಂದವು. ಟೆಲಿವಿಷನ್ ಮಾತ್ರ ಬರಲೇ ಇಲ್ಲ! ಭಯದ ಕಾರಣವೇ ಇಲ್ಲವಾದ ಮೇಲೆ ಅಸಿಮೋವರು ಮುಸುಕನ್ನು ತಾವೇ ಸಡಿಲಿಸಿದರು. ತಮ್ಮ ಯಂತ್ರಮಾನವರ ಕಥೆಗಳಲ್ಲಿ ಪ್ರಸಿದ್ಧವಾಗಿದ್ದ ಮೂರು ನಿಯಮಗಳನ್ನು ಪಾಲ್ ಫ್ರೆಂಚನ ಕಥೆಯಲ್ಲಿಯೂ ತಂದಿಟ್ಟರು. ಓದುಗರಿಗೆ ಇನ್ನೇನು ಹೇಳಬೇಕು?

1970ರ ದಶಕದಲ್ಲಿ ಆ ಪುಸ್ತಕಗಳು ಅಸಿಮೋವರ ಹೆಸರಿನಿಂದಲೇ ಮರುಮುದ್ರಣಗೊಂಡವು. ಅಷ್ಟರಲ್ಲಿ ವಿಜ್ಞಾನ ಮುಂದೆ ಸಾಗಿತ್ತು. ಅವರು ಸಾಗರಗಳನ್ನು ತುಂಬಿಸಿದ್ದ ಶುಕ್ರಗ್ರಹ ನೀರಿಲ್ಲದ ಕಾದ ಕುಲುಮೆಯೆಂದು ತಿಳಿದುಬಂದಿತ್ತು. ಅವರು ಕಥೆಯನ್ನು ತಿದ್ದಲಿಲ್ಲ. ಬರೆದಾಗ ತಿಳಿದಿದ್ದುದು ಅಷ್ಟು, ಈಗ ತಿಳಿದಿರುವುದು ಇಷ್ಟು ಎಂದು ಮುನ್ನುಡಿಯಲ್ಲಿ ಒಪ್ಪಿಕೊಂಡರು. ತಪ್ಪನ್ನು ಪಾಲ್ ಫ್ರೆಂಚನ ತಲೆಗೆ ಕಟ್ಟಿ ತಾವು ಜಾರಿಕೊಳ್ಳಬಹುದಾಗಿತ್ತು. ಹಾಗೆ ಮಾಡಲಿಲ್ಲ.

ಮುಖಪುಟದ ಮೇಲೆ

ಸಮ್ಮೇಳನಗಳಲ್ಲಿಯೂ ಕಾಲ ತಿರುಗಿತು. 1955ರಲ್ಲಿ ಕ್ಲೀವ್‌ಲ್ಯಾಂಡ್ ನಗರದ ವಿಶ್ವ ಸಮ್ಮೇಳನಕ್ಕೆ ಅಸಿಮೋವರೇ ಗೌರವ ಅತಿಥಿ. 1963ರಲ್ಲಿ ವಾಷಿಂಗ್ಟನ್ನಿನಲ್ಲಿ ಹ್ಯೂಗೊ ಪ್ರಶಸ್ತಿಗಳನ್ನು ಹಂಚುವ ಕೆಲಸ ಅವರದಾಗಿತ್ತು. ಎಲ್ಲರ ಹೆಸರನ್ನೂ ಓದಿ ಮುಗಿಸಿ ಕೊನೆಯ ಲಕೋಟೆಯನ್ನು ಒಡೆದರೆ ಒಳಗಿದ್ದುದು ಅವರ ಹೆಸರೇ! 1966ರಲ್ಲಿ ಮತ್ತೆ ಕ್ಲೀವ್‌ಲ್ಯಾಂಡಿನಲ್ಲಿ, ಸಾರ್ವಕಾಲಿಕ ಶ್ರೇಷ್ಠ ಕಥಾಮಾಲೆಯೆಂದು ಅವರ ‘ಫೌಂಡೇಶನ್’ ಆಯ್ಕೆಯಾಯಿತು. ಕ್ಯಾರವಾನ್ ಹಾಲಿನ ಹೊರಗೆ ನಿಂತವರೂ ಹಿಂದುಳಿಯಲಿಲ್ಲ. ವೊಲ್‌ಹೈಮ್ ಸ್ವಂತ ಪ್ರಕಾಶನವನ್ನು ಕಟ್ಟಿದ, ಪೋಲ್ ಹೆಸರಾಂತ ಸಂಪಾದಕನೂ ಕಾದಂಬರಿಕಾರನೂ ಆದ. ಸಿರಿಲ್ ಮಾತ್ರ 1958ರಲ್ಲಿ, 34 ವರ್ಷಕ್ಕೇ ತೀರಿಕೊಂಡ.

ಸ್ವಂತ ಹೆಸರಿನಿಂದ ಬಾಳಿದವನಿಗೆ ಕೀರ್ತಿಯಂತೆ ನಿಂದೆಯೂ ಅದೇ ವಿಳಾಸಕ್ಕೆ ಬರುತ್ತದೆ. ಸಮ್ಮೇಳನಗಳಲ್ಲಿ ಅಸಿಮೋವರು ಸ್ತ್ರೀಯರೊಡನೆ ನಡೆದುಕೊಳ್ಳುತ್ತಿದ್ದ ರೀತಿ ಮರ್ಯಾದೆಯ ಎಲ್ಲೆಯನ್ನು ಮೀರುತ್ತಿತ್ತೆಂದು ಹಲವರು ಬರೆದಿಟ್ಟಿದ್ದಾರೆ. ಅಂದು ತಮಾಷೆಯೆಂದು ತೇಲಿಸಿಬಿಟ್ಟದ್ದನ್ನು ಇಂದಿನವರು ಹಾಗೆ ಬಿಡುತ್ತಿಲ್ಲ. ಹೊಸ ಲೇಖಕರಿಗೆ ಕ್ಯಾಂಪ್‌ಬೆಲ್‌ರ ಹೆಸರಿನಲ್ಲಿ ಕೊಡುತ್ತಿದ್ದ ಪ್ರಶಸ್ತಿಯಿಂದಲೂ, ಅವರ ವರ್ಣದ್ವೇಷದ ಮಾತುಗಳ ಕಾರಣದಿಂದ 2019ರಲ್ಲಿ ಆ ಹೆಸರನ್ನು ತೆಗೆದುಹಾಕಲಾಯಿತು. ಹೆಸರೆಂಬುದು ಬರಿಯ ಅಲಂಕಾರವಲ್ಲ. ಅದು ಲೆಕ್ಕದ ಪುಸ್ತಕ. ಜಮೆಯೂ ಖರ್ಚೂ ಅದರಲ್ಲೇ ಬರೆದಿರುತ್ತವೆ.

1958ರಲ್ಲಿ ಅಸಿಮೋವರು ಹೆಸರಿನ ಒಂದೇ ಒಂದು ಅಕ್ಷರವನ್ನು ‘ಎಸ್’ ಎಂದು ಬದಲಿಸಿಕೊಂಡ ವಿಜ್ಞಾನಿಯೊಬ್ಬನ ಬಾಳು ಹೇಗೆ ತಿರುಗಿತೆಂಬ ಕಥೆಯನ್ನು ಪ್ರಕಟಿಸಿದರು. ಬ್ರೂಕ್ಲಿನ್ನಿನಲ್ಲಿ ತಂದೆ ಮಾಡಿದ ಆ ಸಣ್ಣ ತಪ್ಪು ಅವರ ಮನಸ್ಸಿನಿಂದ ಮಾಸಿರಲಿಲ್ಲವೆಂದು ಕಾಣುತ್ತದೆ.

1977ರಲ್ಲಿ ಅಮೆರಿಕದಲ್ಲಿ ಹೊಸದೊಂದು ವಿಜ್ಞಾನಕಥಾ ಪತ್ರಿಕೆ ಹೊರಟಿತು. ಹೆಸರೇನಿಡಬೇಕೆಂದು ಪ್ರಕಾಶಕರು ಹೆಚ್ಚು ಹುಡುಕಲಿಲ್ಲ. ‘ಐಸಾಕ್ ಅಸಿಮೋವ್ಸ್ ಸೈನ್ಸ್ ಫಿಕ್ಷನ್ ಮ್ಯಾಗಜೀನ್’ ಎಂಬ ಶಿರೋನಾಮೆ ಮುಖಪುಟವನ್ನು ಏರಿತು. ಮಗನ ಬಾಳಿಗೆ ಅಡ್ಡಿಯಾದೀತೆಂದು ನೆರೆಯಾಕೆ ಅಂಜಿದ ಹೆಸರು, ತಂದೆಯ ಅಂಗಡಿಯಂಥ ಅಂಗಡಿಗಳಲ್ಲಿ ಪತ್ರಿಕೆಗಳ ಸಾಲಿನ ನಡುವೆ, ಎಲ್ಲರಿಗೂ ಕಾಣುವಂತೆ ನಿಂತಿತ್ತು. ನಡುವಿನ ಆ ‘ಎಸ್’ ಅಕ್ಷರವೂ ಅಲ್ಲೇ ಇತ್ತು.